ಹೆಬ್ಬೆರಳ ಉಗುರು ಹೋಯ್ತು, ಬೆಳ್ಳುಳ್ಳಿ ಸುಲಿಯಕ್ಕೂ ಆಗ್ತಿಲ್ಲ. ಉಗುರು ಇಷ್ಟು ಮುಖ್ಯಾನಾ?

ಮೂರನೇ_ಮಾಳಿಗೆ · ಮೇ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಾಟುಂಗಾದಲ್ಲಿ ನಮ್ಮದು ಹಳೇ ಬಿಲ್ಡಿಂಗು. ಲಿಫ್ಟಿಗೆ ಈಗಲೂ ಎಳೆದು ಮುಚ್ಚೋ ಜಾಲರಿ ಬಾಗಿಲೇ. ಏಪ್ರಿಲ್ ಮೊದಲ ವಾರ ಒಂದು ಕೈಲಿ ತರಕಾರಿ ಚೀಲ ಹಿಡಕೊಂಡು ಇನ್ನೊಂದು ಕೈಲಿ ಬಾಗಿಲು ಎಳೀತಿದ್ದೆ, ಬಲಗೈ ಹೆಬ್ಬೆರಳು ಆ ಮಡಚೋ ಪಟ್ಟಿಗಳ ಮಧ್ಯೆ ಸಿಕ್ಕಿಕೊಳ್ತು. ಉಗುರಿನಡಿ ರಕ್ತ ಕಟ್ಟಿ ನೇರಳೆಹಣ್ಣಿನ ಬಣ್ಣ. ರಾತ್ರಿಯಿಡೀ ಎದೆ ಬಡಿತ ಬೆರಳಲ್ಲಿ ಕೇಳಿಸ್ತಿತ್ತು. ಎಕ್ಸ್‌ರೇ ತೆಗೆಸಿದ್ವಿ, ಮೂಳೆಗೇನೂ ಆಗಿಲ್ಲ. ಮೂರು ವಾರಕ್ಕೆ ಉಗುರು ಸಡಿಲ ಆಯ್ತು, ಒಂದು ದಿನ ಚಪಾತಿ ಹಿಟ್ಟು ಕಲಸ್ತಿರುವಾಗ ಹಿಟ್ಟಿನ ಜೊತೆಗೇ ಬಂದುಬಿಡ್ತು. ಹಿಟ್ಟು ಎಸೆದೆ, ಕೇಳಬೇಡಿ.

ಈಗ ನೋವಿಲ್ಲ. ಆದ್ರೆ ಬೆಳ್ಳುಳ್ಳಿ ಸುಲಿಯಕ್ಕಾಗಲ್ಲ, ಸ್ಟಿಕ್ಕರ್ ಕುಂಕುಮ ಹಾಳೆಯಿಂದ ಎಬ್ಬಿಸಕ್ಕಾಗಲ್ಲ. ನಿನ್ನೆ ಹೂವಿನವಳ ಮುಂದೆ ಒಂದು ರೂಪಾಯಿ ನೆಲಕ್ಕೆ ಬಿತ್ತು, ಕೆರೆದೂ ಕೆರೆದೂ ಎತ್ತಕ್ಕಾಗದೆ ಕೊನೆಗೆ ಅವಳೇ ಎತ್ತಿಕೊಂಡಳು.

ನನ್ನ ಪ್ರಶ್ನೆ ಎರಡು. ಇದು ಮೊದಲಿನ ಥರಾನೇ ವಾಪಸ್ ಬರತ್ತಾ, ಬಂದ್ರೆ ಎಷ್ಟು ದಿನ? ಉಗುರು ಸತ್ತ ವಸ್ತು ಅಂತ ಸ್ಕೂಲಲ್ಲಿ ಓದಿದ್ವಲ್ಲ, ಸತ್ತದ್ದಕ್ಕೆ ಇಷ್ಟು ನೋವು ಯಾಕೆ? ಅತ್ತೆ ಮಾತ್ರ ಕ್ಯಾಲ್ಸಿಯಂ ಮಾತ್ರೆ ತಗೋ ಅಂತ ದಿನಾ ಹೇಳ್ತಿದಾರೆ.

ಎಂಟೂಹನ್ನೆರಡರ_ಲೋಕಲ್ · 9:52

ಮೊದಲು ಲಿಫ್ಟ್ ರಿಪೇರಿ ಮಾಡ್ಸಿ.

ಧಾರವಾಡದಂವ_ಠಾಣೆ · 10:03

ಉಗುರಿಲೆ ಹೋಗೂದಕ್ಕ ಕೊಡ್ಲಿ ಯಾಕ ಅಂತಾರಲ್ರೀ ನಮ್ಮ ಕಡೆ. ನಿಮಗೀಗ ಉಗುರ ಇಲ್ಲ, ಬೆಳ್ಳುಳ್ಳಿಗೆ ಕೊಡ್ಲಿನ ತಗೋರಿ 😄

ಮೂರನೇ_ಮಾಳಿಗೆ · 10:05

ಚಾಕು ತಗೊಂಡಿದೀನಿ, ಇನ್ನೊಂದು ಬೆರಳು ಕುಯ್ದುಕೊಂಡಿದ್ದೂ ಆಯ್ತು.

ವಾಶಿ_ನರ್ಸಕ್ಕ · 10:48

ಡಾಕ್ಟರ್ ಅಲ್ಲ ನಾನು, ಆದರೆ 26 ವರ್ಷ ವಾರ್ಡಿನಲ್ಲಿ ದುಡಿದವಳು. ನೇರವಾಗಿ ಹೇಳ್ತೀನಿ.

ಶಾವಿಗೆ ಒರಳು ನೋಡಿದೀರಲ್ಲ? ಹಿಟ್ಟು ಹಿಂದಿರುತ್ತೆ, ಒತ್ತಿದ ಹಾಗೆ ಎಳೆ ಮುಂದೆ ಬರುತ್ತೆ. ಹೊರಗೆ ಬಂದ ಎಳೆಯನ್ನ ಕತ್ತರಿಸಿದರೆ ಒರಳಿಗೇನೂ ಗೊತ್ತಾಗಲ್ಲ. ಉಗುರಿಗೂ ಅಂಥದೇ ಒರಳು ಇದೆ, ಹೆಸರು ಮ್ಯಾಟ್ರಿಕ್ಸ್. ಉಗುರಿನ ಬುಡದಲ್ಲಿ ಚರ್ಮದ ಮಡಿಕೆಯೊಳಗೆ ಅಡಗಿರುತ್ತೆ. ಹೆಬ್ಬೆರಳ ಬುಡದಲ್ಲಿ ಬೆಳ್ಳಗೆ ಅರ್ಧಚಂದ್ರ ಕಾಣುತ್ತಲ್ಲ, ಅದು ಆ ಮ್ಯಾಟ್ರಿಕ್ಸಿನ ಮುಂದಿನ ತುದಿ. ಅಲ್ಲಿ ಹುಟ್ಟೋ ಜೀವಕೋಶಗಳು ಒಂದನ್ನೊಂದು ತಳ್ಳುತ್ತಾ, ಕೆರಟಿನ್ ಅನ್ನೋ ಗಟ್ಟಿ ಪ್ರೋಟೀನ್ ತುಂಬಿಕೊಂಡು, ಚಪ್ಪಟೆಯಾಗಿ, ಸತ್ತು ಮುಂದೆ ಬರ್ತವೆ. ನಾವು ಉಗುರು ಅಂತ ಕತ್ತರಿಸೋದು ಆ ಸತ್ತ ಪದರಗಳನ್ನ. ಕೂದಲು, ದನದ ಕೊಂಬು, ಗೊರಸು ಎಲ್ಲಾ ಕೆರಟಿನ್ನೇ.

ನೋವು ಯಾಕೆ ಅಂದ್ರೆ ಆ ಸತ್ತ ತಟ್ಟೆಯ ಕೆಳಗೇ ಜೀವಂತ ಹಾಸು ಇದೆ. ರಕ್ತನಾಳ, ನರ ತುಂಬಿದ ಜಾಗ, ಅದರಡಿ ನೇರ ಮೂಳೆ, ನಡುವೆ ಮೆತ್ತನೆ ಕೊಬ್ಬು ಅಂತ ಇಲ್ಲವೇ ಇಲ್ಲ. ಮೇಲೆ ಗಟ್ಟಿ ಮುಚ್ಚಳ, ಕೆಳಗೆ ಮೂಳೆ. ಮಧ್ಯೆ ರಕ್ತ ತುಂಬಿದ್ರೆ ಹಿಗ್ಗೋಕೆ ಜಾಗ ಎಲ್ಲಿ? ಅದಕ್ಕೇ ಎದೆ ಬಡಿತ ಬೆರಳಲ್ಲಿ ಕೇಳಿಸಿದ್ದು. ಮೊದಲ ದಿನವೇ ಬಂದವರಿಗೆ ಡಾಕ್ಟರು ಉಗುರಲ್ಲಿ ಸಣ್ಣ ತೂತು ಮಾಡಿ ರಕ್ತ ಬಿಡ್ತಾರೆ, ಪಿಚಕ್ ಅಂತ ಹಾರುತ್ತೆ, ನೋವು ಅಲ್ಲೇ ಇಳಿಯುತ್ತೆ. ಮನೇಲಿ ಸೂಜಿ ಕಾಯಿಸಿ ಯಾರೂ ಮಾಡಬೇಡಿ ದಯವಿಟ್ಟು.

ವಾಪಸ್ ಬರುತ್ತೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತೆ, ಪೂರ್ತಿ ಬರೋಕೆ ಆರು ತಿಂಗಳು ಹಿಡಿಯಿರಿ. ಮೊದಲಿನ ಥರಾನೇ ಬರುತ್ತಾ ಅನ್ನೋದು ಆ ಒರಳಿಗೆ ಪೆಟ್ಟು ಬಿದ್ದಿದೆಯಾ ಅನ್ನೋದರ ಮೇಲೆ. ಬಿದ್ದಿದ್ರೆ ಏಣು ಬರಬಹುದು, ಸೀಳು ಬರಬಹುದು. ಬುಡದಲ್ಲಿ ಈಗ ಏನು ಕಾಣ್ತಿದೆ?

ಮೂರನೇ_ಮಾಳಿಗೆ · 10:55

ಬುಡದಲ್ಲಿ ಅಕ್ಕಿಕಾಳಿನ ದಪ್ಪದ ಒಂದು ಪಟ್ಟಿ ಬಂದಿದೆ, ಸ್ವಲ್ಪ ಒರಟು. ಉಳಿದ ಜಾಗ ಗುಲಾಬಿ, ಮುಟ್ಟಿದ್ರೆ ಜುಂ ಅನ್ನತ್ತೆ.

ವಾಶಿ_ನರ್ಸಕ್ಕ · 10:57

ಒರಳು ಕೆಲಸ ಶುರು ಮಾಡಿದೆ ಅಂತ ಅರ್ಥ. ನೆನೆಸಬೇಡಿ, ಪಾತ್ರೆ ತೊಳೆಯೋಕೆ ಕೈಗವಸು ಹಾಕಿ.

ಉಡುಪಿ_ಟು_ಕುರ್ಲಾ · ಮೇ 12, ಬೆಳಗ್ಗೆ 6:10

ಇದು ಉಗುರುಸುತ್ತು ಆಗುವ ಮೊದಲು ನಿಂಬೆಹಣ್ಣು ಸಿಕ್ಕಿಸಿ ಮಾರಾಯ್ರೆ. ಹಣ್ಣಿಗೆ ತೂತು ಮಾಡಿ ಒಳಗೆ ಅರಶಿನ ಹಾಕಿ ಬೆರಳನ್ನು ತುರುಕುದು. ನಮ್ಮ ಅಜ್ಜಿ ಅದೇ ಮಾಡ್ತಿದ್ದದ್ದು.

ವಾಶಿ_ನರ್ಸಕ್ಕ · 7:30

ಅವರಿಗೆ ಉಗುರುಸುತ್ತು ಎಲ್ಲಿದೆ? ತೆರೆದ ಗಾಯಕ್ಕೆ ನಿಂಬೆಹುಳಿ ಬಿದ್ರೆ ಅಜ್ಜಿಯ ಹೆಸರು ಹೇಳಿ ಕಿರುಚ್ತಾರೆ. ಕೀವು ತುಂಬಿದ್ರೆ ಡಾಕ್ಟರ ಹತ್ತಿರ ಹೋಗಬೇಕು.

ನಿವೃತ್ತ_ಮೇಷ್ಟ್ರು · 8:15

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿದವನು ನಾನು. ತಂಗಿ ಕೇಳಿದ ಪ್ರಶ್ನೆಯ ಅರ್ಧಭಾಗಕ್ಕೆ ಯಾರೂ ಉತ್ತರಿಸಿಲ್ಲ. ಉಗುರು ಇಷ್ಟು ಮುಖ್ಯವೇ?

ಒಂದು ಪ್ರಯೋಗ ಮಾಡಿ. ತೋರುಬೆರಳ ತುದಿಯನ್ನು ಮೇಜಿಗೆ ಒತ್ತಿ. ಉಗುರಿನಡಿಯ ಬಣ್ಣ ಬದಲಾಗುವುದು ಕಾಣುತ್ತದೆ. ಬೆರಳ ತುದಿಯ ಮೆತ್ತೆಯನ್ನು ಕೆಳಗಿನಿಂದ ಮೇಜು ಒತ್ತುತ್ತದೆ, ಮೇಲಿನಿಂದ ಉಗುರು ಅದುಮಿ ಹಿಡಿಯುತ್ತದೆ. ನಡುವೆ ಸಿಕ್ಕ ಮೆತ್ತೆಯಲ್ಲಿರುವ ಸ್ಪರ್ಶದ ನರತುದಿಗಳಿಗೆ ಆಗ ಚೆನ್ನಾಗಿ ಗೊತ್ತಾಗುತ್ತದೆ. ಉಗುರಿಲ್ಲದಿದ್ದರೆ ಮೆತ್ತೆ ಹಿಂದಕ್ಕೆ ಜಾರುತ್ತದೆ, ಗೋಡೆಯಿಲ್ಲದ ಕಡೆ ಒರಗಿದ ಹಾಗೆ. ನಾಣ್ಯ ಎತ್ತಲಾಗದ್ದಕ್ಕೆ ಕೆರೆಯಲು ಅಂಚಿಲ್ಲ ಎನ್ನುವುದು ಅರ್ಧ ಕಾರಣ, ಹಿಡಿತವೂ ಸ್ಪರ್ಶವೂ ಮಂದವಾಗಿದೆ ಎನ್ನುವುದು ಇನ್ನರ್ಧ. ಮೂಳೆಯ ತುದಿಗೆ ಕವಚ ಎನ್ನುವುದು ಬೇರೆ.

ಬೆಕ್ಕು, ನಾಯಿ, ಅಳಿಲಿಗೆ ಮೊನಚಾದ ನಖ. ಮಂಗ, ಮನುಷ್ಯರಿಗೆ ಚಪ್ಪಟೆ ಉಗುರು. ಲೆಮೂರಿನಂಥ ಕೆಲವು ಪ್ರಾಣಿಗಳಿಗೆ ಕಾಲಿನ ಎರಡನೇ ಬೆರಳಲ್ಲಿ ಮಾತ್ರ ಮೈ ಕೆರೆದುಕೊಳ್ಳಲೆಂದೇ ಒಂದು ಮೊನಚು ಉಗುರು ಉಳಿದಿದೆ, ಮಿಕ್ಕ ಬೆರಳುಗಳಿಗೆಲ್ಲ ನಮ್ಮ ಹಾಗೆ ಚಪ್ಪಟೆ.

ಎಂಟೂಹನ್ನೆರಡರ_ಲೋಕಲ್ · 8:31

ಸಾರ್, ಎಂಟೂಹನ್ನೆರಡರ ಲೋಕಲ್ ರೈಲಲ್ಲಿ ನಿಂತು ಓದ್ತಾ ಇದ್ದೀನಿ. ಈಗಷ್ಟೇ ಒಬ್ಬರು ನನ್ನ ಕಾಲುಗುರಿನ ಮೇಲೆ ಪ್ರಯೋಗ ಮಾಡಿದ್ರು.

ತಮಾಷೆ ಬಿಡಿ, ನನ್ನ ಕಾಲಿನ ಹೆಬ್ಬೆಟ್ಟಿನ ಉಗುರು ಎರಡು ವರ್ಷದ ಹಿಂದೆ ದಾದರ್‌ನಲ್ಲಿ ಹತ್ತೋವಾಗ ಹೋಗಿದ್ದು. ಪೂರ್ತಿ ಬರೋಕೆ ಒಂದೂವರೆ ವರ್ಷ ಹಿಡೀತು. ಕೈದು ಆರು ತಿಂಗಳಾದ್ರೆ ಕಾಲಿಂದು ಯಾಕೆ ಇಷ್ಟು ಸೋಮಾರಿ?

ವಾಶಿ_ನರ್ಸಕ್ಕ · 9:20

ಕಾಲುಗುರು ಬೆಳೆಯೋದೇ ಅರ್ಧ ವೇಗದಲ್ಲಿ, ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ. ವರ್ಷದಿಂದ ಒಂದೂವರೆ ವರ್ಷ ಮಾಮೂಲು. ಕೈಯಲ್ಲೂ ನಡುಬೆರಳಿಂದು ಚುರುಕು, ಕಿರುಬೆರಳಿಂದು ನಿಧಾನ.

ನಿವೃತ್ತ_ಮೇಷ್ಟ್ರು · 9:44

ವಯಸ್ಸಾದಂತೆ ಇನ್ನೂ ನಿಧಾನ. ವಿಲಿಯಂ ಬೀನ್ ಎಂಬ ಅಮೆರಿಕದ ವೈದ್ಯ ತನ್ನ ಹೆಬ್ಬೆರಳ ಉಗುರಿಗೆ ಬುಡದಲ್ಲಿ ಗೆರೆ ಗೀಚಿ, ಅದು ಮುಂದೆ ಸರಿಯುವುದನ್ನು 35 ವರ್ಷ ಅಳೆದ. 32ರ ವಯಸ್ಸಿನಲ್ಲಿ ದಿನಕ್ಕೆ 0.123 ಮಿ.ಮೀ., 67ರಲ್ಲಿ 0.095. 1980ರಲ್ಲಿ ಪ್ರಕಟಿಸಿದ. ನನಗೀಗ 71. ನೇಲ್ ಕಟರ್ ಹುಡುಕುವ ಭಾನುವಾರಗಳು ದೂರದೂರವಾಗುತ್ತಿವೆ.

ಮುಲುಂಡ್_ಪಾರ್ಲರ್ · 11:02

ಭಾನುವಾರ ಸರಿ, ಮಂಗಳವಾರ ಶುಕ್ರವಾರ ಮಾತ್ರ ಬೇಡ 🙏 ನನ್ನ ಪಾರ್ಲರಿಗೆ ಮಂಗಳವಾರ ಮ್ಯಾನಿಕ್ಯೂರಿಗೆ ಯಾರೂ ಬರಲ್ಲ, ಮರಾಠಿಯವರೂ ಬರಲ್ಲ ಗುಜರಾತಿಯವರೂ ಬರಲ್ಲ.

ಮೂರನೇ ಮಾಳಿಗೆಯವರೇ, ಹೊಸ ಉಗುರು ಬರುವಾಗ ಕ್ಯುಟಿಕಲ್ (ಉಗುರಿನ ಬುಡದ ತೆಳು ಚರ್ಮ) ಕ್ಲೀನಾಗಿ ಕತ್ತರಿಸಿಕೊಂಡು ಹೋಗಿ, ನೀಟಾಗಿ ಬರುತ್ತೆ.

ವಾಶಿ_ನರ್ಸಕ್ಕ · 11:15

ಅಯ್ಯೋ ಬೇಡ! ಕ್ಯುಟಿಕಲ್ ಅಂದ್ರೆ ಕಿಟಕಿ ಗಾಜಿನ ಅಂಚಿಗೆ ಮೆತ್ತೋ ಲಾಂಬಿ, ಅಂದ್ರೆ ಪುಟ್ಟಿ, ಇದ್ದ ಹಾಗೆ. ಉಗುರಿಗೂ ಚರ್ಮಕ್ಕೂ ನಡುವಿನ ಸಂದಿಯನ್ನ ಮುಚ್ಚಿರೋದೇ ಅದು. ಕತ್ತರಿಸಿದ್ರೆ ನೀರು, ಸೋಪು, ಕ್ರಿಮಿ ನೇರ ಒರಳಿನ ಕಡೆಗೆ. ನಮ್ಮಲ್ಲಿಗೆ ಉಗುರುಸುತ್ತು ಅಂತ ಬರೋರಲ್ಲಿ ಪಾರ್ಲರಿಂದ ಬಂದೋರೂ ಇರ್ತಾರೆ, ಬೇಜಾರು ಮಾಡ್ಕೋಬೇಡಿ.

ಮುಲುಂಡ್_ಪಾರ್ಲರ್ · 11:21

19 ವರ್ಷದಿಂದ ಪಾರ್ಲರ್ ನಡೆಸ್ತಿದ್ದೀನಿ ಅಕ್ಕ, ಒಬ್ಬರಿಗೂ ಕೀವಾಗಿಲ್ಲ. ಸಲಕರಣೆ ಸ್ಟೆರಿಲೈಸ್ ಮಾಡ್ತೀವಿ.

ವಾಶಿ_ನರ್ಸಕ್ಕ · 11:26

ನೀವು ಮಾಡ್ತೀರಿ, ನಂಬ್ತೀನಿ. ಆದ್ರೂ ಎಣ್ಣೆ ಹಚ್ಚಿ ಹಿಂದಕ್ಕೆ ಒತ್ತಿದ್ರೆ ಸಾಕಲ್ವಾ, ಕತ್ತರಿ ಯಾಕೆ?

ಮುಲುಂಡ್_ಪಾರ್ಲರ್ · 11:40

ಒತ್ತಿ ಕಳಿಸಿದ್ರೆ "ಕ್ಲೀನ್ ಆಗಿಲ್ಲ" ಅಂತ ದುಡ್ಡು ಕಡಿಮೆ ಕೊಡ್ತಾರೆ. ನನ್ನ ಕಷ್ಟ ನನಗೆ.

ಧಾರವಾಡದಂವ_ಠಾಣೆ · ಮೇ 14, ಮಧ್ಯಾಹ್ನ 1:10

ನರ್ಸಕ್ಕಾರ, ನಂದೊಂದ ಐತ್ರಿ. ಸಂಕ್ರಾಂತಿ ಮುಂದ ಟೈಫಾಯ್ಡ್ ಆಗಿ ಹಾಸಿಗಿ ಹಿಡಿದಿದ್ದೆ. ಈಗ ನೋಡಿದ್ರ ಹತ್ತೂ ಬೆರಳಿನ ಉಗುರಾಗ ಅಡ್ಡಡ್ಡ ಒಂದೊಂದು ತಗ್ಗು, ಯಾರೋ ಹೊಲದಾಗ ಒಂದೇ ಸಾಲು ಹೊಡದಂಗ. ಏನಿದು?

ವಾಶಿ_ನರ್ಸಕ್ಕ · 1:45

ಬೋ ಗೆರೆ ಅಂತಾರೆ. ಫ್ರಾನ್ಸಿನ ಬೋ ಅನ್ನೋ ಡಾಕ್ಟರು 1846ರಲ್ಲಿ ವಿವರಿಸಿದ್ದು. ದೊಡ್ಡ ಜ್ವರ ಬಂದಾಗ ಒರಳು ಕೆಲವು ದಿನ ಕೆಲಸ ನಿಲ್ಲಿಸುತ್ತೆ ಇಲ್ಲಾ ನಿಧಾನ ಮಾಡುತ್ತೆ, ಆಗ ತಯಾರಾದ ಭಾಗ ತೆಳ್ಳಗೆ. ಜ್ವರ ಹೋದ ಮೇಲೆ ಮತ್ತೆ ದಪ್ಪ. ಆ ತಗ್ಗು ಉಗುರಿನ ಜೊತೆ ಮುಂದೆ ಮುಂದೆ ಬಂದು ಕೊನೆಗೆ ನೇಲ್ ಕಟರಿಗೆ ಸಿಗುತ್ತೆ. ಬುಡದಿಂದ ಎಷ್ಟು ದೂರ ಇದೆ ಅಳೆದ್ರೆ ಕಾಯಿಲೆ ಯಾವಾಗ ಬಂದಿತ್ತು ಹೇಳಬಹುದು.

ಧಾರವಾಡದಂವ_ಠಾಣೆ · 2:20

ಮಗನ ಕಂಪಾಸ್ ಪೆಟಗಿಯಾಗಿನ ಸ್ಕೇಲ್ ತಗೊಂಡು ಅಳದೆ ನೋಡ್ರಿ. ನಡುಬೆರಳಾಗ 8 ಮಿ.ಮೀ. ತಿಂಗಳಿಗೆ 3 ಹಿಡಿದ್ರ ಎರಡೂವರಿ ತಿಂಗಳ ಮ್ಯಾಲ ಸ್ವಲ್ಪ. ಅಂದ್ರ ಫೆಬ್ರುವರಿ. ನಂದು ಜ್ವರ ಜನವರಿಯಾಗ. ನಿಮ್ಮ ಲೆಕ್ಕ ತಪ್ಪೈತಿ.

ವಾಶಿ_ನರ್ಸಕ್ಕ · 2:34

ಲೆಕ್ಕ ಸರಿ ಇದೆ, ಅಳತೆ ಶುರು ಮಾಡಿದ ಜಾಗ ತಪ್ಪು. ನೀವು ಚರ್ಮದ ಅಂಚಿನಿಂದ ಅಳೆದ್ರಿ. ತಗ್ಗು ಹುಟ್ಟಿದ್ದು ಅದರ ಹಿಂದೆ, ಚರ್ಮದ ಮಡಿಕೆಯೊಳಗೆ. ಅಲ್ಲಿಂದ ಹೊರಗೆ ಇಣುಕೋಕೇ ನಾಲ್ಕಾರು ವಾರ ಬೇಕು. ಅದನ್ನ ಸೇರಿಸಿ.

ಧಾರವಾಡದಂವ_ಠಾಣೆ · 2:36

ಹೌದ ಬಿಡ್ರಿ, ಸಂಕ್ರಾಂತಿಗೇ ಬಂದ ನಿಂತಿತು. ಎಳ್ಳುಬೆಲ್ಲ ತಿನ್ನದ ಹಬ್ಬ ಉಗುರಿನ್ಯಾಗ ಬರಕೊಂಡ ಕೂತೈತಿ!

ಪುಣೇರಿ_ಕನ್ನಡಿಗ · 4:05

ಉಗುರು ಅಂದ್ಮೇಲೆ ನಮ್ಮ ಪುಣೆಯ ಹೆಸರು ಬರದಿದ್ರೆ ಹೇಗೆ? ಶ್ರೀಧರ ಚಿಲ್ಲಾಳ್ ಅವರು 1952ರಲ್ಲಿ, 14ನೇ ವಯಸ್ಸಿನಲ್ಲಿ ಎಡಗೈ ಉಗುರು ಕತ್ತರಿಸೋದು ನಿಲ್ಲಿಸಿದ್ರು. ಅವರ ಶಾಲೆಯ ಮೇಷ್ಟ್ರು ಉದ್ದಕ್ಕೆ ಬೆಳೆಸಿದ್ದ ಉಗುರನ್ನ ಅಕಸ್ಮಾತ್ ಮುರಿದು ಬೈಸಿಕೊಂಡ ಹಟಕ್ಕೆ. 2018ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಕತ್ತರಿಸಿದಾಗ ಐದೂ ಸೇರಿ 909.6 ಸೆಂ.ಮೀ., ಹೆಬ್ಬೆರಳಿನದೊಂದೇ 197.8. ಗಿನ್ನೆಸ್ ದಾಖಲೆ. ಬಲಗೈ ಉಗುರು ಮಾತ್ರ ಮಾಮೂಲಿಯಾಗಿ ಕತ್ತರಿಸ್ತಿದ್ರು.

ಎಂಟೂಹನ್ನೆರಡರ_ಲೋಕಲ್ · 4:11

66 ವರ್ಷ! ಆ ಕೈಲಿ ಲೋಕಲ್ ಹತ್ತೋದು ಹೇಗೆ?

ಪುಣೇರಿ_ಕನ್ನಡಿಗ · 4:20

ಲೋಕಲ್ ಏನು, ಮಗ್ಗುಲು ಬದಲಾಯಿಸೋದೇ ಕಷ್ಟ ಆಗಿತ್ತಂತೆ. ಎಡಗೈ ಬೆರಳು ಬಿಚ್ಚೋಕೆ ಆಗದ ಹಾಗೆ ಆಗಿಹೋಯ್ತು. ನಾವೆಲ್ಲ ಅದನ್ನ ಹೆಮ್ಮೆಯಿಂದ ಹೇಳ್ಕೋತೀವಿ, ನನಗಂತೂ ಆ ಫೋಟೋ ನೋಡಿದಾಗ ಕೈ ಜೋಮು ಹಿಡಿದ ಹಾಗಾಗತ್ತೆ.

ಅಂದ ಹಾಗೆ ವಾಘನಖ, ಅದೇ ಶಿವಾಜಿಯದು ಅನ್ನೋ ಹುಲಿಯುಗುರಿನಂಥ ಆಯುಧ, ಅಲ್ಲಿದ್ದಾಗ ನೋಡೋಕೆ ಯಾರಾದ್ರೂ ಸಾತಾರಾಕ್ಕೆ ಹೋಗಿದ್ರಾ? 2024ರ ಜುಲೈನಲ್ಲಿ ಲಂಡನ್ನಿನಿಂದ ತಂದಿಟ್ಟಿದ್ದು.

ಮುಲುಂಡ್_ಪಾರ್ಲರ್ · 4:41

ಅದು ಕಬ್ಬಿಣದ ಉಗುರು, ಇದು ನಮ್ಮ ಉಗುರು. ವಿಷಯಕ್ಕೆ ಬನ್ನಿ.

ಪುಣೇರಿ_ಕನ್ನಡಿಗ · 4:43

ನರಸಿಂಹನ ಉಗುರು ಬಂದಿದ್ರೆ ಸುಮ್ನಿರ್ತಿದ್ರಿ.

ಉಡುಪಿ_ಟು_ಕುರ್ಲಾ · ಜೂನ್ 19, ರಾತ್ರಿ 11:50

ಹೋಟೆಲ್ ಮುಚ್ಚಿ ಈಗ ಕೂತದ್ದು. ಮಳೆ ಶುರುವಾಯ್ತು, ಹಾಗಾಗಿ ಕಾಲಿನ ಸುದ್ದಿ ಸ್ವಲ್ಪ ಹೇಳ್ತೇನೆ.

ಹದಿನೈದು ವರ್ಷ ನಾನು ತೊಳೆಯುವ ಕಡೆ, ಮತ್ತೆ ಅಡುಗೆ ಕಡೆ. ನೆಲ ಯಾವಾಗಲೂ ಒದ್ದೆ, ಕಾಲಿಗೆ ರಬ್ಬರ್ ಚಪ್ಪಲಿ ಇಲ್ಲದಿದ್ದರೆ ಒದ್ದೆ ಶೂ. ಹೆಬ್ಬೆರಳ ಉಗುರು ಮೊದಲು ಒಂದು ಮೂಲೆಯಲ್ಲಿ ಹಳದಿ ಆಯಿತು, ಆಮೇಲೆ ದಪ್ಪ ಆಯಿತು, ಕೆರೆದರೆ ಅಡಿಯಿಂದ ಕಡ್ಲೆಹಿಟ್ಟಿನ ಹಾಗೆ ಪುಡಿ ಉದುರುದು. ವಾಸನೆ ಬೇರೆ. ನಾನು ಪೆಟ್ಟು ತಾಗಿದ್ದು ಹೇಳಿ ಎರಡು ವರ್ಷ ಬಿಟ್ಟೆ. ಚರ್ಮದ ಡಾಕ್ಟರು ಕಂಡು ಫಂಗಸ್ ಹೇಳಿದರು, ಉಗುರಿನ ಚೂರು ಲ್ಯಾಬಿಗೆ ಕೊಟ್ಟರು, ಲಿವರಿನ ರಕ್ತಪರೀಕ್ಷೆ ಮಾಡಿಸಿ ದಿನಕ್ಕೊಂದು ಮಾತ್ರೆ ಮೂರು ತಿಂಗಳು ಬರೆದರು. ನಾನು ಬುದ್ಧಿವಂತ ಅಲ್ವಾ, ಒಂದೇ ತಿಂಗಳಿಗೆ ನಿಲ್ಲಿಸಿದೆ. ಎಂತಕ್ಕೆ? ಉಗುರು ಕಾಣ್ಲಿಕ್ಕೆ ಹಾಗೆಯೇ ಇತ್ತು, ಮದ್ದು ತಾಗಲಿಲ್ಲ ಅಂತ ಗ್ರಹಿಸಿದೆ. ಮರುವರ್ಷ ಪಕ್ಕದ ಬೆರಳಿಗೂ ಬಂತು. ಎರಡನೇ ಸಲ ಮೂರು ತಿಂಗಳು ಪೂರ್ತಿ ತಗೊಂಡೆ. ಆಗ ಡಾಕ್ಟರು ಹೇಳಿದ್ದು, ಹಾಳಾದ ಉಗುರು ರಿಪೇರಿ ಆಗುದಿಲ್ಲ, ಬುಡದಿಂದ ಒಳ್ಳೆಯದು ಹುಟ್ಟಿ ಅದನ್ನು ಹೊರಗೆ ದೂಡಬೇಕು. ಮಾತ್ರೆ ಮುಗಿದು ಒಂಬತ್ತು ತಿಂಗಳ ಮೇಲೆ ಉಗುರು ಚೊಕ್ಕ ಆದದ್ದು.

ಈಗ ನಮ್ಮ ಹುಡುಗರಿಗೆ ಎರಡೆರಡು ಜೊತೆ ಚಪ್ಪಲಿ ಕೊಡಿಸಿದ್ದೇನೆ, ಒಂದು ಒಣಗುವಾಗ ಒಂದು. ಮತ್ತೆ ಕಾಲುಗುರನ್ನು ನೇರ ಅಡ್ಡಕ್ಕೆ ಕತ್ತರಿಸಿ ಹೇಳ್ತೇನೆ, ಮೂಲೆ ಬಗೆದು ಗುಂಡಗೆ ಮಾಡಿದರೆ ಮಾಂಸದೊಳಗೆ ಹೋಗ್ತದೆ. ಅದರದ್ದೂ ಒಂದು ಕಥೆ ಉಂಟು, ಇನ್ನೊಮ್ಮೆ.

ವಾಶಿ_ನರ್ಸಕ್ಕ · ಜೂನ್ 20, ಬೆಳಗ್ಗೆ 7:05

ನಿಂಬೆಹಣ್ಣಿನ ಪಾಪ ಕಳೀತು ನಿಮ್ಮದು. ಸಕ್ಕರೆ ಕಾಯಿಲೆ ಇರೋರು ಇದನ್ನ ಎರಡು ಸಲ ಓದಿ, ಕಾಲುಗುರಿನ ತೊಂದರೆಯನ್ನ ನೀವಂತೂ ಮನೆಯಲ್ಲೇ ಬಗೆಯೋಕೆ ಹೋಗಬೇಡಿ.

ಮೂರನೇ_ಮಾಳಿಗೆ · 10:30

ಕ್ಯಾಲ್ಸಿಯಂ ಬಗ್ಗೆ ಯಾರೂ ಹೇಳ್ಲಿಲ್ಲ! ಅತ್ತೆ ಈಗ ಮಗಳ ಉಗುರಿನ ಬಿಳಿ ಚುಕ್ಕೆ ತೋರಿಸಿ "ನೋಡು, ಅವಳಿಗೂ ಕಮ್ಮಿ" ಅಂತಿದಾರೆ.

ನಿವೃತ್ತ_ಮೇಷ್ಟ್ರು · 11:00

ಉಗುರಿನಲ್ಲಿ ಕ್ಯಾಲ್ಸಿಯಂ ಇರುವುದು ಅತ್ಯಲ್ಪ. ಗಟ್ಟಿತನ ಬರುವುದು ಕೆರಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಗಂಧಕದ ಕೊಂಡಿಗಳಿಂದ. ಉಗುರು ಸುಟ್ಟರೆ ಕೂದಲು ಸುಟ್ಟ ವಾಸನೆಯೇ ಬರುವುದಕ್ಕೆ ಕಾರಣ ಅದೇ. ಬಿಳಿ ಚುಕ್ಕೆ ಸಾಮಾನ್ಯವಾಗಿ ಬುಡಕ್ಕೆ ಯಾವಾಗಲೋ ತಾಗಿದ ಸಣ್ಣ ಪೆಟ್ಟಿನ ಗುರುತು. ಮಗು ಬೆಂಚು ಕುಟ್ಟಿರುತ್ತಾಳೆ, ಉಗುರು ಕಚ್ಚಿರುತ್ತಾಳೆ.

ಮುಲುಂಡ್_ಪಾರ್ಲರ್ · 11:12

ಬಯೋಟಿನ್ ವಿಟಮಿನ್ ಮಾತ್ರೆ ಕೊಡಿ, ನನ್ನ ಗಿರಾಕಿಗಳೆಲ್ಲ ತಗೋತಾರೆ.

ವಾಶಿ_ನರ್ಸಕ್ಕ · 11:30

ಮಗುವಿಗೆ ಸುಮ್ಮನೆ ಯಾಕೆ? ಮತ್ತೆ ಜಾಸ್ತಿ ಬಯೋಟಿನ್ ತಗೊಂಡು ರಕ್ತಪರೀಕ್ಷೆಗೆ ಹೋದ್ರೆ ಥೈರಾಯ್ಡ್ ರಿಪೋರ್ಟು, ಹೃದಯಾಘಾತ ನೋಡೋ ಟ್ರೋಪೋನಿನ್ ರಿಪೋರ್ಟು ತಪ್ಪು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ತಗೋತಿದ್ರೆ ಲ್ಯಾಬಿನವರಿಗೆ ಹೇಳಿ.

ಉಗುರು ಚಮಚದ ಹಾಗೆ ತಗ್ಗಾಗಿದ್ರೆ ಕಬ್ಬಿಣದ ಅಂಶ ನೋಡಿಸಬೇಕು. ಅತ್ತೆಯವರದ್ದನ್ನೂ ಒಮ್ಮೆ ನೋಡಿ.

ಮೂರನೇ_ಮಾಳಿಗೆ · 11:34

ನೋಡಿದೆ. ಅವರದ್ದು ನಮ್ಮೆಲ್ಲರಿಗಿಂತ ಗಟ್ಟಿ.

ಧಾರವಾಡದಂವ_ಠಾಣೆ · 12:15

ನಮ್ಮ ವೈನಿ ಹೆಬ್ಬೆರಳ ಉಗುರಾಗ ಬುಡದಿಂದ ತುದೀತನ ಒಂದು ಕರೀ ಗೆರಿ ಐತಿ. ಭಾಳ ವರ್ಷದಿಂದ ಐತಿ. ಅಂಜಬೇಕೇನ್ರೀ?

ವಾಶಿ_ನರ್ಸಕ್ಕ · 12:40

ನಮ್ಮ ಬಣ್ಣದೋರಿಗೆ ಅಂಥ ಗೆರೆ ಬಹಳ ಜನರಿಗೆ ಇರುತ್ತೆ, ಹಲವು ಬೆರಳಲ್ಲಿ ಇದ್ದು ಬದಲಾಗದೆ ಇದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಒಂದೇ ಬೆರಳಲ್ಲಿ ಹೊಸದಾಗಿ ಬಂದ್ರೆ, ಅಗಲ ಆಗ್ತಾ ಹೋದ್ರೆ, ಬಣ್ಣ ಚರ್ಮಕ್ಕೂ ಇಳಿದ್ರೆ ತಡ ಮಾಡದೆ ಚರ್ಮದ ಡಾಕ್ಟರು. ಇವರದ್ದು ಒಂದೇ ಬೆರಳು ಅಂತೀರಿ, ಒಮ್ಮೆ ತೋರಿಸಿಬಿಡಿ.

ಎಂಟೂಹನ್ನೆರಡರ_ಲೋಕಲ್ · 1:02

ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಹಾಗೇ ಆಗಿದ್ದು. ಕಾಲ್ಬೆರಳ ಉಗುರಿನಡಿಯದ್ದು ಫುಟ್ಬಾಲ್ ಪೆಟ್ಟು ಅಂದುಕೊಂಡಿದ್ರು. 1977ರಲ್ಲಿ ಗೊತ್ತಾಯ್ತು ಮೆಲನೋಮಾ ಅಂತ, ಒಂಥರಾ ಚರ್ಮದ ಕ್ಯಾನ್ಸರ್. 1981ರಲ್ಲಿ ತೀರಿಕೊಂಡ್ರು, 36ಕ್ಕೆ.

ಧಾರವಾಡದಂವ_ಠಾಣೆ · 1:05

ನಾಳೇನ ಕರಕೊಂಡ ಹೋಗ್ತೀನ್ರಿ.

ಮುಲುಂಡ್_ಪಾರ್ಲರ್ · 1:30

ರಾತ್ರಿ ಉಗುರು ಕತ್ತರಿಸಬಾರದು ಅನ್ನೋದಕ್ಕೂ ಏನಾದ್ರೂ ಸೈನ್ಸ್ ಇದೆಯಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು · 2:10

ಬುಡ್ಡಿದೀಪದ ಬೆಳಕಿನಲ್ಲಿ ಕತ್ತರಿ ಹಿಡಿದರೆ ಬೆರಳು ಹೋಗುತ್ತಿತ್ತು, ಚೂರು ಹಾರಿ ಅನ್ನಕ್ಕೆ ಬೀಳುತ್ತಿತ್ತು. ನನ್ನ ಊಹೆ ಅಷ್ಟೇ, ಸೈನ್ಸಲ್ಲ. ಇದಕ್ಕಿಂತ ನನಗೆ ಇಷ್ಟವಾದದ್ದು ನಮ್ಮ "ಉಗುರು ಬೆಚ್ಚಗೆ" ಎಂಬ ಮಾತು. ನೀರಿನ ಬಿಸಿಯನ್ನು ಥರ್ಮಾಮೀಟರಿನಿಂದಲ್ಲ, ಬೆರಳ ತುದಿ ಅದ್ದಿ ಅಳೆದವರು ಕಟ್ಟಿದ ಪದ.

ಮೂರನೇ_ಮಾಳಿಗೆ · ಸೆಪ್ಟೆಂಬರ್ 22, ಸಂಜೆ 6:15

ಎಲ್ಲರಿಗೂ ಅಪ್ಡೇಟ್. ಉಗುರು ಮುಕ್ಕಾಲಕ್ಕಿಂತ ಜಾಸ್ತಿ ಬಂದಿದೆ. ಮಧ್ಯದಲ್ಲಿ ಉದ್ದಕ್ಕೆ ಒಂದು ಏಣು ಉಳಿದಿದೆ, ಬೆರಳಾಡಿಸಿದ್ರೆ ಗೊತ್ತಾಗತ್ತೆ. ನರ್ಸಕ್ಕ ಮೊದಲೇ ಹೇಳಿದ್ದರಿಂದ ಗಾಬರಿ ಆಗ್ಲಿಲ್ಲ. ಹೊಸ ಉಗುರು ಬೆರಳ ತುದಿಯನ್ನ ಇನ್ನೂ ದಾಟಿಲ್ಲ, ಆದ್ರೂ ಮೇಷ್ಟ್ರು ಹೇಳಿದ ಹಾಗೆ ಹಿಡಿತ ಮೊದಲು ಬಂತು, ಅಂಚು ಆಮೇಲೆ ಬರತ್ತೆ ಅನ್ಸತ್ತೆ. ಕಳೆದ ವಾರದಿಂದ ಸೂಜಿಗೆ ದಾರ ಪೋಣಿಸಕ್ಕೆ ಆಗ್ತಿದೆ. ಬೆಳ್ಳುಳ್ಳಿ ಇನ್ನೂ ಅತ್ತೇನೇ ಸುಲೀತಿದಾರೆ, ಕ್ಯಾಲ್ಸಿಯಂ ತಗೊಂಡಿದ್ರೆ ಇಷ್ಟು ಹೊತ್ತಿಗೆ ಬಂದಿರ್ತಿತ್ತು ಅಂತ ಹೇಳ್ತಾ.

ಧಾರವಾಡದಂವ_ಠಾಣೆ · 6:40

ಭಾಳ ಛಲೋ ಆತ್ರಿ. ವೈನಿದೂ ಏನಿಲ್ಲ ಅಂದ್ರು, ಫೋಟೋ ತಗದ ಇಟಗೊಂಡಾರ, ಆರ ತಿಂಗಳಿಗೊಮ್ಮೆ ತೋರಿಸಂದಾರ.

ಎಂಟೂಹನ್ನೆರಡರ_ಲೋಕಲ್ · 6:44

ಲಿಫ್ಟ್?

ಮೂರನೇ_ಮಾಳಿಗೆ · 6:51

ಸೊಸೈಟಿ ಮೀಟಿಂಗಲ್ಲಿ ಹೇಳಿದ್ವಿ. "ನಿಧಾನಕ್ಕೆ ಮುಚ್ಚಿ" ಅಂತ ಮೂರು ಭಾಷೆಯಲ್ಲಿ ಬೋರ್ಡ್ ಹಾಕಿದಾರೆ.